ಏಳನೇ ಗ್ರೂವಿನ ಜೊತೆ ಅಟಕಾಮಕ್ಕೆ

ಬಂಗಾರಪೇಟೆ

ನಮ್ಮ ಕೆ.ಜಿ.ಎಫ್. ಜನಕ್ಕೆ ಕೆಳಗೆ ಇಳಿಯುವುದು ಗೊತ್ತು, ಮೇಲೆ ಏರುವುದು ಅಷ್ಟಾಗಿ ಗೊತ್ತಿಲ್ಲ. ನನ್ನ ತಾತ ಗಣಿಗೆ ಇಳಿದ, ಅಪ್ಪ ಇಳಿದ. ಅಪ್ಪನ ಕಾಲಕ್ಕೆ ಚಾಂಪಿಯನ್ ರೀಫ್ಸ್ ಗಣಿ ಮೂರು ಕಿಲೋಮೀಟರಿಗೂ ಹೆಚ್ಚು ಆಳವಾಗಿತ್ತು. ಅಂಥವನ ಮಗಳು ನಾನು, ಭೂಮಿಯ ಇನ್ನೊಂದು ಮಗ್ಗುಲಲ್ಲಿರುವ ಚಿಲಿ ದೇಶಕ್ಕೆ ಹೋಗಿ, ಅಲ್ಲಿ ಐದು ಕಿಲೋಮೀಟರ್ ಎತ್ತರದ ಒಂದು ಬೋಳು ಬಯಲಿನ ಮೇಲೆ ನಿಂತು ಬಂದೆ. ಬಂದ ಮೇಲೆ ನೆಂಟರೆಲ್ಲ ಕೇಳಿದ್ದು ಒಂದೇ: ಅಲ್ಲಿ ಏನು ತಿಂದೆ? ಅದನ್ನೂ ಹೇಳುತ್ತೇನೆ. ಆದರೆ ನನಗೆ ನಿಜವಾಗಿ ಹೇಳಬೇಕಾಗಿರುವುದು ಬೇರೆ ಇದೆ.

ನಾನು ಲೇತ್ ಕೆಲಸದವಳು. ಹೆಸರು ಮುನಿರತ್ನಮ್ಮ. ಮನೆ ಕೆ.ಜಿ.ಎಫ್.ನ ಉರಿಗಾಂನಲ್ಲಿ, ಅಮ್ಮನ ಜೊತೆ. ಕೆಲಸ ಬಂಗಾರಪೇಟೆಯಲ್ಲಿ, ಸೆಲ್ವರಾಜಣ್ಣನ ಶೆಡ್ಡಿನಲ್ಲಿ. ಸೆಲ್ವರಾಜಣ್ಣ ಹಿಂದೆ ಗಣಿಯ ವರ್ಕ್‌ಶಾಪಿನಲ್ಲಿ ಫಿಟ್ಟರ್ ಆಗಿದ್ದವರು. ಗಣಿ ಮುಚ್ಚಿದ ಮೇಲೆ ಎರಡು ಲೇತ್ ಇಟ್ಟುಕೊಂಡು ಶೆಡ್ಡು ಶುರು ಮಾಡಿದರು. ಮೊದಲೆಲ್ಲ ಬೋರ್‌ವೆಲ್ ಪಂಪಿನ ಶಾಫ್ಟ್, ಟ್ರ್ಯಾಕ್ಟರಿನ ಬುಷ್ ಇಂಥವೇ. ಕೆಲವು ವರ್ಷಗಳ ಹಿಂದೆ ಬೆಂಗಳೂರಿನ ಒಂದು ಸಂಶೋಧನಾ ಸಂಸ್ಥೆಯಿಂದ ವಸುಧಾ ಮೇಡಂ ಎಂಬ ವಿಜ್ಞಾನಿ ನಮ್ಮನ್ನು ಹುಡುಕಿಕೊಂಡು ಬಂದರು. ಅವರಿಗೆ ಬೇಕಾಗಿದ್ದುದು ಹೆಬ್ಬೆರಳುದ್ದದ ಒಂದು ತಾಮ್ರದ ತುತ್ತೂರಿ. ಹಾರ್ನ್ ಎನ್ನುತ್ತಾರೆ ಅದಕ್ಕೆ. ಊದುವುದಕ್ಕಲ್ಲ, ಆಕಾಶದಿಂದ ಬರುವ ಅಲೆಗಳನ್ನು ಒಳಗೆ ಕರೆದುಕೊಳ್ಳುವುದಕ್ಕೆ.

ಮೇಡಂ ನನಗೆ ತಿಳಿಯುವ ಹಾಗೆ ಹೇಳಿದ್ದರು. ಇವು ರೇಡಿಯೋ ಅಲೆಗಳ ಸಂಬಂಧಿಕರೇ, ಆದರೆ ಕುಳ್ಳರು. ಒಂದು ಅಲೆಯ ಉದ್ದ ಹೆಚ್ಚುಕಮ್ಮಿ ಒಂದು ರಾಗಿ ಕಾಳಿನಷ್ಟು. ನಕ್ಷತ್ರಗಳ ನಡುವೆ ಕೊರೆಯುವ ಚಳಿಯಲ್ಲಿ ಅನಿಲದ ಮೋಡಗಳಿವೆಯಂತೆ. ಮುಂದೆ ನಕ್ಷತ್ರ ಹುಟ್ಟುವುದು ಅವುಗಳ ಒಳಗೆ. ಕಣ್ಣಿಗೆ ಆ ಮೋಡಗಳು ಬರೀ ಕತ್ತಲು. ಈ ರಾಗಿ ಕಾಳಿನ ಅಲೆಯಲ್ಲಿ ಮಾತ್ರ ಅವು ತಮ್ಮ ಸುದ್ದಿ ಹೇಳುತ್ತವೆ. ನಮ್ಮ ಬಂಗಾರಪೇಟೆಯ ಪಾನಿಪೂರಿಯ ನೀರು ನೆನಪಾಯಿತು ನನಗೆ. ಹೊರಗಿನವರು ಆ ಬಣ್ಣವಿಲ್ಲದ ನೀರನ್ನು ನೋಡಿ ಇದರಲ್ಲೇನಿದೆ ಎನ್ನುತ್ತಾರೆ, ಬಾಯಿಗೆ ಹಾಕಿಕೊಂಡ ಮೇಲೆ ಕಣ್ಣಲ್ಲಿ ನೀರು ಬರುತ್ತದೆ.

ಹಾರ್ನ್ ಮಾಡುವ ರೀತಿ ವಿಚಿತ್ರ. ನಾನು ತಾಮ್ರವನ್ನು ಮುಟ್ಟುವುದೇ ಇಲ್ಲ. ಅಲ್ಯೂಮಿನಿಯಮ್ಮಿನಲ್ಲಿ ಹಾರ್ನಿನ ಒಳಗಿನ ಆಕಾರದ ಒಂದು ಅಚ್ಚನ್ನು ಲೇತಿನಲ್ಲಿ ತಿರುವುತ್ತೇನೆ. ಅದರ ಸುತ್ತ ಬಳೆ ಬಳೆಯಾಗಿ, ಕೂದಲಿನ ಹಾಗೆ ಸಣ್ಣ ಗೀರುಗಳಂಥ ಗ್ರೂವ್‌ಗಳನ್ನು ಕೊರೆಯುತ್ತೇನೆ. ಆಮೇಲೆ ಆ ಅಚ್ಚನ್ನು ರಸಾಯನದ ತೊಟ್ಟಿಯಲ್ಲಿ ಮುಳುಗಿಸಿ ಅದರ ಮೇಲೆ ತಾಮ್ರ ಬೆಳೆಸುತ್ತಾರೆ. ತಾಮ್ರ ದಪ್ಪವಾದ ಮೇಲೆ ಒಳಗಿನ ಅಲ್ಯೂಮಿನಿಯಂ ಕರಗಿಸಿ ತೆಗೆಯುತ್ತಾರೆ. ನಾನು ಮಾಡಿದ್ದು ಹೋಗುತ್ತದೆ, ಅದರ ಗುರುತು ಉಳಿಯುತ್ತದೆ. ಒಮ್ಮೆ ಕರಗಿದ ಮೇಲೆ ಒಳಗೆ ಏನಿದೆ ಎಂದು ಇಣುಕಿ ನೋಡಲು ಯಾರಿಗೂ ಆಗುವುದಿಲ್ಲ. ಅದಕ್ಕಾಗಿಯೇ ಕರಗಿಸುವ ಮೊದಲು ನಾನು ಸೂಕ್ಷ್ಮದರ್ಶಕದ ಕೆಳಗೆ ಒಂದೊಂದು ಗ್ರೂವನ್ನೂ ಅಳೆದು, ಚೀಟಿಯಲ್ಲಿ 'ಸರಿ' ಎಂದು ಬರೆಯಬೇಕು.

ಈ ಸಲದ ಹಾರ್ನಿನಲ್ಲಿ ಏಳನೇ ಗ್ರೂವ್ ಸರಿಯಿರಲಿಲ್ಲ. ಕೊರಳಿನ ಹತ್ತಿರದ್ದು, ಮುಖ್ಯವಾದದ್ದು. ಟೂಲಿನ ಮೂತಿ ಚೂರು ಮುರಿದು, ಆಳ ಕಡಿಮೆಯಾಗಿತ್ತು. ಕಡಿಮೆ ಎಂದರೆ ಒಂದು ಹಾಳೆಯ ದಪ್ಪದ ಮೂರನೇ ಒಂದು ಪಾಲು. ಸಾಯಂಕಾಲವಾಗಿತ್ತು, ತೊಟ್ಟಿ ಸಿದ್ಧವಾಗಿತ್ತು, ಹನ್ನೊಂದು ದಿನದ ಕೆಲಸ ಕೈಯಲ್ಲಿತ್ತು. ಜೊತೆಗೆ ನನ್ನ ಕೈ ತಪ್ಪುವುದಿಲ್ಲ ಎಂಬ ಹೆಸರು ಬೇರೆ ಇತ್ತು. ನಾನು ಏಳನೇ ಸಾಲಿನಲ್ಲಿ 'ಸರಿ' ಎಂದು ಬರೆದೆ. ಆಮೇಲಿನ ನಾಲ್ಕು ತಿಂಗಳಲ್ಲಿ ಬೆಂಗಳೂರಿನಲ್ಲಿ ಪರೀಕ್ಷೆ ಮಾಡಿದರು, ಪಾಸಾಯಿತು. ಆದರೆ ಅಲ್ಲಿನ ಯಂತ್ರಕ್ಕೆ ಅಲೆಗಳ ಮೇಲಿನ ತುದಿ, ಅಂದರೆ ತೀರಾ ಕುಳ್ಳ ಅಲೆಗಳು, ಎಟುಕುವುದಿಲ್ಲ, ನಿಜವಾದ ಪರೀಕ್ಷೆ ಚಿಲಿಯ ದೂರದರ್ಶಕದಲ್ಲೇ ಎಂದರು ಮೇಡಂ. ಜೊತೆಗೆ, 'ಮಾಡಿದ ಕೈಯೇ ಬಂದು ಕೂರಿಸಲಿ' ಎಂದೂ ಅಂದರು. ಸೆಲ್ವರಾಜಣ್ಣನಿಗೆ ಮಂಡಿ ನೋವು, ವಿಮಾನದ ಭಯ. ನನಗೆ ನನ್ನದೇ ಅಕ್ಷರದ ಭಯ.

ಹೊರಡುವ ದಿನ ಅಮ್ಮ ಅಪ್ಪನ ಹಿತ್ತಾಳೆ ಬಿಲ್ಲೆಯನ್ನು ನನ್ನ ಚೂಡಿದಾರದ ಸೊಂಟದ ಮಡಿಕೆಯೊಳಗೆ ಇಟ್ಟು ಹೊಲಿದಳು.

"ನಿಮ್ಮಪ್ಪ ಅಷ್ಟು ಆಳಕ್ಕೆ ಓಗಿ ಬತ್ತಿದ್ದ ಕಣೇ. ನೀನು ಎತ್ರಕ್ಕೆ ಓಗ್ತಿದ್ದೀಯ. ಇದು ಜೊತೇಲಿರ್ಲಿ."

ಆ ಬಿಲ್ಲೆಯ ವಿಷಯ ಇಲ್ಲೇ ಹೇಳಿಬಿಡಬೇಕು. ಗಣಿಯ ಬಾಯಿಯ ಹತ್ತಿರ ಒಂದು ದೊಡ್ಡ ಹಲಗೆ, ಅದರ ತುಂಬ ಮೊಳೆ, ಒಂದೊಂದು ಮೊಳೆಗೆ ಒಬ್ಬೊಬ್ಬನ ನಂಬರಿನ ಬಿಲ್ಲೆ. ಇಳಿಯುವವನು ತನ್ನ ಬಿಲ್ಲೆ ತೆಗೆದುಕೊಂಡು ಜೇಬಿಗೆ ಹಾಕಿಕೊಂಡು ಇಳಿಯುತ್ತಿದ್ದ. ಮೇಲೆ ಬಂದವನು ಅದನ್ನು ವಾಪಸು ಮೊಳೆಗೆ ತಗುಲಿಹಾಕುತ್ತಿದ್ದ. ಖಾಲಿ ಮೊಳೆ ಎಂದರೆ ಒಳಗೆ ಒಂದು ಜೀವ ಇದೆ ಎಂದರ್ಥ. ನಾನು ಚಿಕ್ಕವಳಿದ್ದಾಗ ಒಮ್ಮೆ ಒಳಗೆ ಬಂಡೆ ಸಿಡಿಯಿತು. ಅಮ್ಮ ನನ್ನನ್ನು ಎಳೆದುಕೊಂಡು ಹೋಗಿ ಆ ಹಲಗೆಯ ಮುಂದೆ ನಿಂತಳು. ಮೊಳೆಗಳು ಒಂದೊಂದಾಗಿ ತುಂಬಿದವು, ಅಪ್ಪನದು ಖಾಲಿಯೇ ಇತ್ತು. ಎಷ್ಟೋ ಹೊತ್ತಿನ ಮೇಲೆ ಧೂಳು ಮೆತ್ತಿದ ಒಂದು ಕೈ ಬಂದು ಟಿಣ್ ಎಂದು ಬಿಲ್ಲೆ ತಗುಲಿಹಾಕಿತು. ಆ ಕೈ ಅಪ್ಪನದು. ಆ ಸದ್ದು ನನ್ನ ಮೈಯಲ್ಲಿ ಇನ್ನೂ ಇದೆ.

ಗಣಿ ಮುಚ್ಚಿದ ದಿನ ಅಪ್ಪ ಬಿಲ್ಲೆಯನ್ನು ತಗುಲಿಹಾಕಲಿಲ್ಲ, ಮನೆಗೆ ತಂದ. ಏಕೆ ಎಂದು ಅವನು ಹೇಳಲಿಲ್ಲ. ಎದೆಯ ಧೂಳಿನಿಂದ ಕೆಮ್ಮಿ ಕೆಮ್ಮಿ ತೀರಿಕೊಂಡ ಮೇಲೂ ಅಮ್ಮ ಅದನ್ನು ಅಕ್ಕಿ ಡಬ್ಬಿಯಲ್ಲಿ ಇಟ್ಟುಕೊಂಡಿದ್ದಳು. "ಗಣಿ ಲೆಕ್ಕದಲ್ಲಿ ಅವ್ನು ಇನ್ನೂ ಒಳ್ಗೇ ಅವ್ನೆ" ಎನ್ನುತ್ತಿದ್ದಳು. ತಮಾಷೆಗೆ ಹೇಳುತ್ತಿದ್ದಾಳೋ ಅಲ್ಲವೋ ನನಗೆ ಗೊತ್ತಾಗುತ್ತಿರಲಿಲ್ಲ.

ವಿಮಾನ ಬದಲಿಸಿದ ಊರು

ಯುರೋಪಿನ ಆ ವಿಮಾನ ನಿಲ್ದಾಣದಲ್ಲಿ ನಾನು ಕಂಡಿದ್ದು ಗಾಜಿನ ಗೋಡೆ, ಉದ್ದನೆಯ ಕ್ಯೂ ಮತ್ತು ನನ್ನ ಮರ್ಯಾದೆ ಹೋಗುವುದು. ಒಂದು ಗಾಜಿನ ಗೂಡಿನೊಳಗೆ ಕೈ ಎತ್ತಿ ನಿಲ್ಲಿಸಿದರು. ಏನೋ ಸುಯ್ ಎಂದು ಸುತ್ತಿತು. ಹೊರಗೆ ಬಂದರೆ ಪರದೆಯ ಮೇಲೆ ಒಂದು ಗೊಂಬೆ, ಗೊಂಬೆಯ ಸೊಂಟದಲ್ಲಿ ಹಳದಿ ಚೌಕ. ಕೈಗವಸು ಹಾಕಿಕೊಂಡ ಹೆಂಗಸೊಬ್ಬಳು ನನ್ನ ಸೊಂಟ ತಡವಿದಳು. ಅಮ್ಮನ ಹೊಲಿಗೆ ಬಿಚ್ಚಿಸಿ, ಬಿಲ್ಲೆಯನ್ನು ಅಂಗೈಯಲ್ಲಿಟ್ಟುಕೊಂಡು ತಿರುಗಿಸಿ ತಿರುಗಿಸಿ ನೋಡಿದಳು. ಮೇಡಂ ಇಂಗ್ಲಿಷಿನಲ್ಲಿ ಉದ್ದಕ್ಕೆ ಹೇಳಿದರು. ಆ ಹೆಂಗಸು ಬಿಲ್ಲೆಯನ್ನು ಎರಡೂ ಕೈಯಲ್ಲಿ ಹಿಡಿದು ನನಗೆ ವಾಪಸು ಕೊಟ್ಟಳು. ನಮ್ಮ ಕಡೆ ದೊಡ್ಡವರಿಗೆ ಕೊಡುವುದು ಹಾಗೆ.

"ರತ್ನಮ್ಮ, ನಿಮ್ಮನ್ನ ಹಿಡಿದುಕೊಟ್ಟಿದ್ದು ನಿಮ್ಮ ಅಲೆಯೇ" ಎಂದು ಮೇಡಂ ನಕ್ಕರು. "ಆ ಗೂಡಿನಲ್ಲಿ ಸುತ್ತಿದ್ದು ಇದೇ ಮಿಲಿಮೀಟರ್ ಅಲೆಗಳ ಜಾತಿ. ಸ್ವಲ್ಪ ಉದ್ದ ಅಷ್ಟೇ. ಬಟ್ಟೆ ಅದಕ್ಕೆ ಅಡ್ಡ ಬರೋದಿಲ್ಲ. ಮೈಗೆ, ಲೋಹಕ್ಕೆ ತಾಗಿ ವಾಪಸು ಬರುತ್ತೆ."

ಬಟ್ಟೆಯೊಳಗೆ ಬಚ್ಚಿಟ್ಟಿದ್ದನ್ನು ಹಿಡಿಯುತ್ತದೆ, ಸರಿ. ನಾನು ಬೇರೆಡೆ ಬಚ್ಚಿಟ್ಟಿದ್ದು ಅದಕ್ಕೆ ಕಾಣಲಿಲ್ಲ. ಮೇಡಂ ನನ್ನ ಪಕ್ಕದ ಸೀಟಿನಲ್ಲಿ ಹದಿನಾಲ್ಕು ಗಂಟೆ ಕೂತಿದ್ದರು, ಹಾರ್ನಿನ ಪೆಟ್ಟಿಗೆಯನ್ನು ಮಗುವಿನಂತೆ ತೊಡೆಯ ಮೇಲಿಟ್ಟುಕೊಂಡು. ಹೇಳೋಣ ಎಂದು ಮೂರು ಸಲ ಬಾಯಿ ತೆರೆದೆ. ಮೂರು ಸಲವೂ 'ಕಾಫಿ ಕುಡಿತೀರಾ ಮೇಡಂ?' ಎಂದು ಕೇಳಿದೆ. ಅವರು ಪಾಪ, ಮೂರು ಸಲವೂ ಕುಡಿದರು.

ಕಲಾಮಾ

ಕಲಾಮಾ ಎಂಬುದು ಅಟಕಾಮ ಮರುಭೂಮಿಯ ನಡುವಿನ ತಾಮ್ರದ ಗಣಿಯ ಊರು. ವಿಮಾನದಿಂದ ಇಳಿದು ನೋಡಿದರೆ ದೂರದಲ್ಲಿ ಬೂದು ಬಣ್ಣದ, ಮೇಲೆ ಚಪ್ಪಟೆಯಾದ ಗುಡ್ಡಗಳು. ನಾನು ನಿಂತೇ ಬಿಟ್ಟೆ. ನಮ್ಮ ಸೈನೈಡ್ ಗುಡ್ಡಗಳೇ! ಅದಿರು ಅರೆದು ಬೇಕಾದ್ದು ತೆಗೆದುಕೊಂಡು ಬೇಡದ್ದು ಸುರಿದ ರಾಶಿ. ಭೂಮಿಯ ಇನ್ನೊಂದು ಮಗ್ಗುಲಿಗೆ ಬಂದರೂ ಮೊದಲು ಕಣ್ಣಿಗೆ ಬಿದ್ದದ್ದು ಉರಿಗಾಂನ ಹಿತ್ತಿಲು ಎಂದು ನಗುವೂ ಬಂತು, ಒಂಥರಾ ಸಂಕಟವೂ ಆಯಿತು. ಗಾಳಿ ಬೀಸಿದರೆ ಇವರ ಮನೆಗಳ ಒಲೆಯ ಮೇಲೂ ಆ ಪುಡಿ ಕೂರುತ್ತದೆಯೇ ಎಂದು ಕೇಳಬೇಕೆನಿಸಿತು.

ನಮ್ಮನ್ನು ಕರೆದೊಯ್ಯಲು ಬಂದವನು ಎಲಿಯಾಸ್. ಅರವತ್ತರ ಹತ್ತಿರದ ಮನುಷ್ಯ, ಬಿಸಿಲಿಗೆ ಸುಟ್ಟ ಮುಖ, ಮೆಲ್ಲನೆಯ ಮಾತು. ದೂರದರ್ಶಕದ ಜಾಗದಲ್ಲಿ ಜನರ ಸುರಕ್ಷತೆ ನೋಡಿಕೊಳ್ಳುವವನು ಅವನೇ. ಅವನು ಬಂದವನೇ ನನ್ನ ಕೆನ್ನೆಗೆ ತನ್ನ ಕೆನ್ನೆ ತಾಗಿಸಿದ. ನಾನು ಹೌಹಾರಿ ಹಿಂದೆ ಸರಿದು ಮೇಡಂ ಕಾಲು ತುಳಿದೆ. ಅಲ್ಲಿ ಅದೇ ನಮಸ್ಕಾರವಂತೆ. ಮರುದಿನದಿಂದ ಅವನು ನನಗೆ ಮಾತ್ರ ಕೈ ಮುಗಿಯತೊಡಗಿದ. ಅವನ ಸ್ಪ್ಯಾನಿಷನ್ನು ಮೇಡಂ ನನಗೆ ಕನ್ನಡದಲ್ಲಿ ಹೇಳುತ್ತಿದ್ದರು, ನನ್ನ ಕನ್ನಡವನ್ನು ಅವನಿಗೆ ಸ್ಪ್ಯಾನಿಷಿನಲ್ಲಿ. ಕೆ.ಜಿ.ಎಫ್.ನಲ್ಲಿ ಒಂದೇ ಬೀದಿಯಲ್ಲಿ ಕನ್ನಡ, ತಮಿಳು, ತೆಲುಗು ಮೂರನ್ನೂ ಬೆರೆಸಿ ಜಗಳವಾಡಿ ಬೆಳೆದವಳಿಗೆ ಅದೇನೂ ಕಷ್ಟವಾಗಲಿಲ್ಲ.

ಬೆಟ್ಟ ಹತ್ತುವಾಗ ದಾರಿಗೆ ಒಂಟೆ ಮತ್ತು ಕುರಿಯ ನಡುವಿನ ಮುಖದ ಪ್ರಾಣಿಯೊಂದು ಅಡ್ಡ ಬಂತು. ಎಲಿಯಾಸ್ ನೋಡುವ ಮೊದಲೇ ಗಾಡಿ ಕೀ ಕೀ ಎಂದು ಕೂಗಿತು. ಗಾಡಿಯ ಮೂತಿಯಲ್ಲೂ ಒಂದು ಚಿಕ್ಕ ರಾಡಾರ್ ಇದೆಯಂತೆ. ಅದರದೂ ನಾಲ್ಕು ಮಿಲಿಮೀಟರಿನ ಅಲೆ, ಮಂಜಿದ್ದರೂ ಧೂಳಿದ್ದರೂ ಮುಂದೆ ಏನಿದೆ ಎಂದು ತಡವಿ ನೋಡುತ್ತದೆ. ನಾನು ಊರಲ್ಲಿ ಕೂತು ಯಾವುದೋ ದೂರದ ಆಕಾಶಕ್ಕೆ ಮಾತ್ರ ಬೇಕಾದ ಕೆಲಸ ಮಾಡುತ್ತಿದ್ದೇನೆ ಅಂದುಕೊಂಡಿದ್ದೆ. ಈ ಅಲೆಗಳು ಆಗಲೇ ಬೀದಿಗೆ ಬಂದು ಕುರಿ ಕಾಯುತ್ತಿದ್ದವು.

ಇನ್ನೂ ಮೇಲೆ ಹೋದ ಹಾಗೆ ನನ್ನ ಚೀಲದಲ್ಲಿ ಏನೋ ಚಟಪಟ ಅಂದಿತು. ಹೊರಗಿನ ಗಾಳಿ ತೆಳುವಾದ ಹಾಗೆ ಪ್ಯಾಕೆಟ್‌ಗಳು ಪೂರಿಯಂತೆ ಉಬ್ಬುತ್ತವೆ ಎಂಬುದು ನನಗೆ ಗೊತ್ತಿರಲಿಲ್ಲ. ಬಂಗಾರಪೇಟೆಯಲ್ಲಿ ಬಿಗಿಯಾಗಿ ಸೀಲ್ ಮಾಡಿಸಿದ್ದ ಹುರಿಗಡಲೆ ಚಟ್ನಿಪುಡಿ ಢಬ್ ಎಂದು ಸಿಡಿದು ಗಾಡಿಯ ತುಂಬ ಖಾರ. ಮೂವರೂ ಸೀನಿದೆವು. ಎಲಿಯಾಸ್ ಗಾಡಿ ನಿಲ್ಲಿಸಿ, ಸ್ಟೀರಿಂಗ್ ಮೇಲೆ ಬಿದ್ದ ಪುಡಿಯನ್ನು ಬೆರಳಿನಿಂದ ಒತ್ತಿ ನೆಕ್ಕಿ ನೋಡಿ, ತನ್ನ ರೊಟ್ಟಿ ಹೊರತೆಗೆದ. ನೆಂಟರ ಪ್ರಶ್ನೆಗೆ ಉತ್ತರ ಇದು: ಅಲ್ಲಿ ನಾನು ಹೆಚ್ಚಾಗಿ ತಿಂದದ್ದು ರಾಗಿ ಹುರಿಹಿಟ್ಟು, ಗಾಡಿಯ ಸೀಟಿನಿಂದ ಗುಡಿಸಿದ ಚಟ್ನಿಪುಡಿ.

ರಸ್ತೆ ತಿರುವಿನ ಒಂದು ಕಲ್ಲುಗುಪ್ಪೆಯ ಹತ್ತಿರ ಅವನು ಮತ್ತೆ ಇಳಿದು ನಾಲ್ಕು ಎಲೆ ಇಟ್ಟು, ಬಾಟಲಿಯ ನೀರಿನ ಮೊದಲ ಗುಟುಕನ್ನು ನೆಲಕ್ಕೆ ಚೆಲ್ಲಿದ. ಭೂತಾಯಿಗೆ ಕೇಳದೆ ಮೇಲೆ ಹೋಗಬಾರದಂತೆ. ಕೆಳಗಿಳಿಯುವ ಮೊದಲು ಗಣಿಯ ಬಾಯಿಗೆ ಕರ್ಪೂರ ಹಚ್ಚುತ್ತಿದ್ದ ಅಪ್ಪನನ್ನು ನೆನೆದು ನಾನೂ ಒಂದು ಗುಟುಕು ಚೆಲ್ಲಿದೆ.

ಐದು ಸಾವಿರ ಮೀಟರ್

ಮೇಲೆ ಮರವಿಲ್ಲ, ಹುಲ್ಲಿಲ್ಲ, ಹಕ್ಕಿಯಿಲ್ಲ. ಕೆಂಪು ನೆಲ, ಕಡುನೀಲಿ ಆಕಾಶ, ನಡುವೆ ನಮ್ಮ ಶೆಡ್ಡಿಗಿಂತ ಅಗಲವಾದ, ದೂರದರ್ಶಕದ ಬಿಳಿಯ ಡಿಶ್. ಇಷ್ಟು ದೂರ, ಇಷ್ಟು ಎತ್ತರ ಬರುವುದು ಗಾಳಿಯಲ್ಲಿನ ತೇವವನ್ನು ತಪ್ಪಿಸಿಕೊಳ್ಳುವುದಕ್ಕೆ. ನೀರಿನ ಆವಿ ಈ ಅಲೆಗಳನ್ನು ಕುಡಿದುಬಿಡುತ್ತದೆ. ನಾವು ಕೋಲಾರದವರು ಮೋಡಕ್ಕಾಗಿ ಆಕಾಶ ನೋಡುತ್ತೇವೆ, ಇವರು ಮೋಡ ಬಾರದಿರಲಿ ಎಂದು ನೋಡುತ್ತಾರೆ. ಇಲ್ಲಿ ಹಗಲಿನಲ್ಲೂ ಕೆಲಸ ಮಾಡಬಹುದು, ಸೂರ್ಯನ ಬೆಳಕು ಅಡ್ಡಿಯಲ್ಲ. ಗಾಳಿ ಒಣಗಿರಬೇಕು ಅಷ್ಟೇ.

ನನ್ನ ಮೂಗಿಗೆ ಆಮ್ಲಜನಕದ ಕೊಳವೆ. ಹತ್ತು ಹೆಜ್ಜೆಗೆ ಏದುಸಿರು. ಅಪ್ಪ ಕೆಳಗಿನ ಬಿಸಿಯ ಬಗ್ಗೆ ಹೇಳುತ್ತಿದ್ದ, ಗೋಡೆ ಮುಟ್ಟಿದರೆ ಕೈ ಸುಡುತ್ತಿತ್ತು ಎಂದು. ಅಷ್ಟು ಆಳದಲ್ಲೂ ಯಾರೋ ವಿಜ್ಞಾನಿಗಳು ದೊಡ್ಡ ಪೆಟ್ಟಿಗೆಗಳನ್ನಿಟ್ಟು ಆಕಾಶದಿಂದ ಬರುವ ಏನನ್ನೋ ಕಾಯುತ್ತಿದ್ದರು ಎಂದೂ ಹೇಳಿದ್ದ. ಆಕಾಶ ನೋಡಲು ಗಣಿಗೆ ಇಳಿಯುತ್ತಾರಾ ಎಂದು ನಾನು ನಕ್ಕಿದ್ದೆ. ಈಗ ಅವನಿಲ್ಲ, ನಾನು ನಕ್ಕಿದ್ದು ತಪ್ಪು ಎಂದು ಹೇಳೋಣವೆಂದರೆ.

ಡಿಶ್ಶಿನ ಬುಡದಲ್ಲಿ ಏಣಿ, ಏಣಿಯ ಪಕ್ಕದಲ್ಲಿ ಕೊಕ್ಕೆಗಳ ಸಾಲು. ಎಲಿಯಾಸ್ ನಮಗೆಲ್ಲ ಒಂದೊಂದು ಕೆಂಪು ಬಿಲ್ಲೆ ಕೊಟ್ಟ. ಏಣಿ ಹತ್ತಿ ಮೇಲಿನ ಕೋಣೆಗೆ ಹೋಗುವಾಗ ಬಿಲ್ಲೆಯನ್ನು ಕೊಕ್ಕೆಗೆ ತಗುಲಿಹಾಕಬೇಕು, ಇಳಿದು ಬಂದಾಗ ತೆಗೆದುಕೊಂಡು ಹೋಗಬೇಕು. ಒಂದು ಬಿಲ್ಲೆ ತೂಗುತ್ತಿದ್ದರೂ ಡಿಶ್ ಅಲ್ಲಾಡುವುದಿಲ್ಲ, ಅದರ ಮೋಟಾರಿಗೆ ಕರೆಂಟೇ ಹೋಗುವುದಿಲ್ಲ. ಅವನು ಇದನ್ನು ಎರಡು ಸಲ ಹೇಳಿದ, ಮೇಡಂ ಎರಡು ಸಲ ಕನ್ನಡದಲ್ಲಿ ಹೇಳಿದರು, ನಾನು ಎರಡು ಸಲ ತಲೆಯಾಡಿಸಿದೆ. ಎಲಿಯಾಸ್ ಮೂವರ ಬಿಲ್ಲೆಯನ್ನೂ ತಾನೇ ಹಾಕಿದ.

ಮೇಲಿನ ಚಿಕ್ಕ ಕೋಣೆಯಲ್ಲಿ ಹಾರ್ನನ್ನು ಅದರ ಜಾಗದಲ್ಲಿ ಕೂರಿಸಿ ನಾಲ್ಕು ಸ್ಕ್ರೂ ಬಿಗಿದೆ. ಆದರೆ ಹಾರ್ನಿನ ಬಾಯಲ್ಲಿ ಕಣ್ಣಿಟ್ಟು ನೋಡಿದಾಗ ಒಳಗೆ ಕತ್ತಲು, ಆ ಕತ್ತಲಲ್ಲಿ ಏಳನೇ ಗ್ರೂವ್. ಆಮೇಲೆ ಹಾರ್ನ್ ಕೂತಿದ್ದ ಲೋಹದ ಪೆಟ್ಟಿಗೆಯನ್ನು ಮುಚ್ಚಿ, ಒಳಗಿನ ಗಾಳಿ ಎಳೆದು, ತಣ್ಣಗಾಗಲು ಬಿಟ್ಟರು. ಎರಡು ದಿನ ಬೇಕು. ಆ ಎರಡು ದಿನ ಕೆಳಗಿನ ಬಿಡಾರದಲ್ಲಿ ನಾನು ಉಂಡಿದ್ದು ಮೈಗೆ ಹತ್ತಲಿಲ್ಲ. ಫೋನಿನಲ್ಲಿ ಸೆಲ್ವರಾಜಣ್ಣ, "ಏನ್ ಮ್ಮಾ ರತ್ನಾ, ನಮ್ ಹಾರ್ನ್ ಹೆಂಗೈತೆ?" ಎಂದು ಕೇಳಿದಾಗ "ಸರಿ ಐತಣ್ಣ" ಎಂದೆ. ಅದೇ ಮಾತನ್ನು ಎರಡನೇ ಸಲ ಹೇಳಿದಂತಾಯಿತು.

ಮೂರನೆಯ ದಿನ

ಬೆಳಿಗ್ಗೆ ಎಲ್ಲರ ಮುಖ ಅರಳಿತ್ತು. ಅಷ್ಟು ಒಣ ಗಾಳಿ ವಾರಗಟ್ಟಲೆ ಸಿಕ್ಕಿರಲಿಲ್ಲವಂತೆ. ಮಧ್ಯಾಹ್ನದ ಮೇಲೆ ಪೂರ್ವದಿಂದ ತೇವ ಬರುತ್ತದೆ, ಅಷ್ಟರೊಳಗೆ ಪರೀಕ್ಷೆ ಮುಗಿಯಬೇಕು. ಮರುದಿನ ಡಿಶ್ ಬೇರೆಯವರ ಪಾಲು. ನಾವು ಮೂವರೂ ಏಣಿ ಹತ್ತಿ ಒಂದು ಕೊನೆಯ ತಪಾಸಣೆ ಮಾಡಿ ಇಳಿದೆವು. ಎಲಿಯಾಸ್ ನಮ್ಮ ನಮ್ಮ ಬಿಲ್ಲೆ ತೆಗೆದುಕೊಟ್ಟು ಜನರೇಟರ್ ಕಡೆ ಹೋದ. ಮೇಡಂ ನೂರು ಹೆಜ್ಜೆ ಆಚೆಯ ನಿಯಂತ್ರಣ ಕೋಣೆಗೆ ಹೊರಟರು. ಆಗ ನನಗೆ ಮೇಲೆ ಸ್ಪ್ಯಾನರ್ ಬಿಟ್ಟು ಬಂದದ್ದು ನೆನಪಾಯಿತು. ಒಬ್ಬಳೇ ಹತ್ತಿದೆ, ತಂದೆ, ಇಳಿದೆ. ಮನಸ್ಸಿಗೆ ಏನೋ ಸಮಾಧಾನವಾಗಿ ಮೇಡಂ ಹಿಂದೆ ಹೋದೆ.

ಒಳಗೆ ಮೇಡಂ ಗುಂಡಿ ಒತ್ತಿದರು. ಏನೂ ಆಗಲಿಲ್ಲ. ಪರದೆಯ ಮೇಲೆ ಕೆಂಪು. ಅಲ್ಲಿನ ಇನ್ನಿಬ್ಬರು ಎಂಜಿನಿಯರುಗಳು ಬಂದು ನೋಡಿದರು. ಅವರ ಮಾತು ನನಗೆ ತಿಳಿಯದು, ಮುಖ ತಿಳಿಯುತ್ತದೆ. ಅರ್ಧ ಗಂಟೆ ಹೋಯಿತು. ಮುಕ್ಕಾಲು ಗಂಟೆ ಹೋಯಿತು. ಮೇಡಂ ಕನ್ನಡಕ ತೆಗೆದು ಕಣ್ಣು ಒತ್ತಿಕೊಂಡರು.

"ಏನಾಯ್ತು ಮೇಡಂ?"

"ಗೊತ್ತಾಗ್ತಿಲ್ಲ ರತ್ನಮ್ಮ. ಎಲ್ಲಿ ತಪ್ಪಾಗಿದೆಯೋ."

ನನ್ನ ಎದೆಯ ಕಟ್ಟು ಒಡೆಯಿತು.

"ನಂದೇ ತಪ್ಪು ಮೇಡಂ. ಏಳ್ನೇ ಗ್ರೂವು. ಆಳ ಕಮ್ಮಿ ಐತೆ, ಮೂವತ್ತು ಮೈಕ್ರಾನು. ನನ್ಗೆ ಗೊತ್ತಿತ್ತು. ಗೊತ್ತಿದ್ದೂ ಸರಿ ಅಂತ ಬರ್ದ್ಬುಟ್ಟೆ. ಸೆಲ್ವರಾಜಣ್ಣಂಗೂ ಗೊತ್ತಿಲ್ಲ. ಅಣ್ಣನ್ನ ಏನೂ ಅನ್ಬ್ಯಾಡಿ."

ಮೇಡಂ ಕನ್ನಡಕ ಹಾಕಿಕೊಂಡು ನನ್ನನ್ನು ನೋಡಿದರು. ಬೈದಿದ್ದರೆ ಚೆನ್ನಾಗಿತ್ತು.

"ನಾಲ್ಕು ತಿಂಗಳು" ಎಂದರು. "ನಾಲ್ಕು ತಿಂಗಳು ನೀವು ನನ್ನ ಜೊತೆ ಕಾಫಿ ಕುಡಿದ್ರಿ."

ನಾನು ಅತ್ತೆ. ಮೂಗಿನ ಕೊಳವೆಯೊಳಗೆ ನೀರು ಹೋಗಿ ಕೆಮ್ಮಿದೆ. ಅಳುವುದಕ್ಕೂ ಗಾಳಿ ಬೇಕು, ಅಲ್ಲಿ ಅದೂ ಇಲ್ಲ.

ಆಗ ಬಾಗಿಲು ತೆಗೆದು ಎಲಿಯಾಸ್ ಒಳಗೆ ಬಂದ. ಅವನ ಕೈಯಲ್ಲಿ ಒಂದು ಕೆಂಪು ಬಿಲ್ಲೆ. ನನ್ನದು. ಕೊಕ್ಕೆಯಲ್ಲಿ ತೂಗುತ್ತಿತ್ತಂತೆ. ಡಿಶ್ಶಿನ ಲೆಕ್ಕದಲ್ಲಿ ಒಳಗೆ ಒಬ್ಬ ಮನುಷ್ಯನಿದ್ದಾನೆ, ಅದಕ್ಕೇ ಅದು ಕದಲಲಿಲ್ಲ. ಹಾರ್ನಿಗೂ ಇದಕ್ಕೂ ಸಂಬಂಧವೇ ಇಲ್ಲ.

ನನಗೆ ಅರ್ಥವಾಗಲು ಒಂದು ಗಳಿಗೆ ಬೇಕಾಯಿತು. ಸ್ಪ್ಯಾನರ್ ತರಲು ಹತ್ತುವಾಗ ಬಿಲ್ಲೆ ನನ್ನ ಜೇಬಿನಲ್ಲಿತ್ತು. ಇಳಿದ ಮೇಲೆ ಕೊಕ್ಕೆಗೆ ತಗುಲಿಹಾಕಿದ್ದೆ. ಯಾರೂ ಹೇಳಿಕೊಡಲಿಲ್ಲ, ಕೈ ತಾನಾಗಿ ಹಾಕಿತ್ತು. ಚಾಂಪಿಯನ್ ರೀಫ್ಸ್‌ನ ಹಲಗೆಯ ಮುಂದೆ ನಿಂತಿದ್ದ ಹುಡುಗಿ ಹೊರಗೆ ಬಂದು ಬಿಲ್ಲೆ ಹಾಕಿ ಸಮಾಧಾನಪಟ್ಟಿದ್ದಳು. ನಮ್ಮಲ್ಲಿ ತೂಗುವ ಬಿಲ್ಲೆ ಎಂದರೆ ಬಂದವನು. ಇವರಲ್ಲಿ ತೂಗುವ ಬಿಲ್ಲೆ ಎಂದರೆ ಇನ್ನೂ ಒಳಗಿರುವವನು.

ಎಲಿಯಾಸ್ ಕೂಗಾಡಲಿಲ್ಲ. ಬಿಲ್ಲೆಯನ್ನು ನನ್ನ ಮುಂದೆ ಮೇಜಿನ ಮೇಲಿಟ್ಟ. ಅವನ ಒಂದೊಂದು ಮಾತನ್ನೂ ಮೇಡಂ ಕನ್ನಡದಲ್ಲಿ ಹೇಳಿದರು. "ಒಂದು ಗಂಟೆ ಹಾಳಾಯಿತು, ಅದಿರಲಿ. ನೀವು ಮೇಲಿದ್ದಾಗ ಕೊಕ್ಕೆ ಖಾಲಿ ಇತ್ತು. ಆಗ ಇವರು ಗುಂಡಿ ಒತ್ತಿದ್ದರೆ ಡಿಶ್ ನಿಮ್ಮನ್ನು ಒಳಗಿಟ್ಟುಕೊಂಡು ತಿರುಗುತ್ತಿತ್ತು. ನಾನು ಏನು ಎತ್ತಿಕೊಂಡು ಕೆಳಗೆ ಹೋಗಬೇಕಿತ್ತು, ಸೆನ್ಯೋರಾ?"

ನಾನು ಸೊಂಟದ ಮಡಿಕೆಯಿಂದ ಅಪ್ಪನ ಬಿಲ್ಲೆ ತೆಗೆದು ಅವನ ಕೈಗೆ ಕೊಟ್ಟೆ. ಹಲಗೆಯ ವಿಷಯ, ಮೊಳೆಯ ವಿಷಯ, ಆ ದಿನದ ವಿಷಯ ಹೇಳಿದೆ. ಅವನು ಬಹಳ ಹೊತ್ತು ಆ ಹಿತ್ತಾಳೆಯ ಮೇಲೆ ಹೆಬ್ಬೆರಳು ಆಡಿಸಿದ. ಅವನ ಅಪ್ಪನದೂ ತಾಮ್ರದ ಗಣಿ, ಅಲ್ಲಿಯೂ ನಮ್ಮ ಕ್ರಮವೇ ಇತ್ತಂತೆ. "ಈ ಎತ್ತರದಲ್ಲಿ ತಲೆಗೆ ಗಾಳಿ ಸಾಲದಾದಾಗ ಹೊಸದಾಗಿ ಕಲಿತದ್ದು ಮೊದಲು ಮರೆತು ಹೋಗುತ್ತದೆ, ಚಿಕ್ಕಂದಿನದು ಉಳಿಯುತ್ತದೆ. ಮೊದಲ ವರ್ಷ ನಾನೂ ಒಮ್ಮೆ ಹೀಗೇ ಮಾಡಿದ್ದೆ. ಯಾರಿಗೂ ಹೇಳಿರಲಿಲ್ಲ" ಎಂದ. ಹೇಳಿದ ಮೇಲೆ ಅಪ್ಪನ ಬಿಲ್ಲೆಯನ್ನು ನನ್ನ ಕೈಗೆ ವಾಪಸು ಕೊಟ್ಟ.

ಉಳಿದ ಎರಡು ಗಂಟೆಯಲ್ಲಿ ಡಿಶ್ ತಿರುಗಿತು. ಪರದೆಯ ಮೇಲೆ ಹುಲ್ಲಿನಂತೆ ಅದುರುವ ಗೆರೆ. ನಿಧಾನವಾಗಿ ಅದರ ನಡುವೆ ಒಂದು ಗುಡ್ಡ ಎದ್ದಿತು. ನಕ್ಷತ್ರಗಳ ನಡುವಿನ ಆ ಚಳಿಯ ಮೋಡದ ಸುದ್ದಿ, ಉರಿಗಾಂನ ಕೈ ತಿರುವಿದ ಹಾರ್ನಿನೊಳಗಿಂದ ಬಂದಿತ್ತು. ನನಗೆ ಏನು ಅನಿಸಿತು ಎಂದು ಕೇಳಿದರೆ, ಸಂತೋಷವಾಯಿತು, ಬಹಳ ಸಂತೋಷವಾಯಿತು. ಆಮೇಲೆ ಮೇಡಂ ಅಲೆಯ ಮೇಲಿನ ತುದಿಗೆ ಹೋದರು. ಅಲ್ಲಿ ಗೆರೆ ಒಂದು ಕಡೆ ತಗ್ಗಿತು.

"ಇದು ಏಳನೇ ಗ್ರೂವ್ ಇರಬಹುದು" ಎಂದರು ಮೇಡಂ. ಅವರ ದನಿ ಇನ್ನೂ ತಣ್ಣಗಿತ್ತು. "ನೀವು ಹೇಳದೇ ಇದ್ದಿದ್ದರೆ ನಾನು ವರ್ಷಗಟ್ಟಲೆ ಬೇರೆ ಏನನ್ನೋ ಬಿಚ್ಚುತ್ತಾ ಕೂತಿರುತ್ತಿದ್ದೆ. ಇಲ್ಲಾ ಆ ತಗ್ಗು ಆಕಾಶದ್ದೇ ಅಂತ ಬರೆದುಬಿಡುತ್ತಿದ್ದೆ. ಅದು ಇನ್ನೂ ಕೆಟ್ಟದ್ದು."

ಅಲ್ಲಿನ ದಾಖಲೆ ಪುಸ್ತಕವನ್ನು ನನ್ನ ಮುಂದೆ ತಳ್ಳಿದರು. ನಾನು ಕನ್ನಡದಲ್ಲೇ ಬರೆದೆ: ಏಳನೇ ಗ್ರೂವ್ ಸರಿಯಿಲ್ಲ, ಇಷ್ಟು ಕಡಿಮೆ, ಗೊತ್ತಿದ್ದೂ ಕಳಿಸಿದ್ದೇನೆ. ಕೆಳಗೆ ಸಹಿ. ಮೇಡಂ ಅದರ ಪಕ್ಕದಲ್ಲಿ ಇಂಗ್ಲಿಷಿನಲ್ಲಿ ಬರೆದರು. ಹೊಸದು ಬರುವವರೆಗೆ ಆ ಹಾರ್ನ್ ಅಲ್ಲೇ ಇರಲಿ, ಮೇಲಿನ ತುದಿಯನ್ನು ಮಾತ್ರ ನಂಬಬೇಡಿ ಎಂದು. ಇಳಿಯುವಾಗ ಅರ್ಧ ದಾರಿಯಲ್ಲಿ ಮೇಡಂ ಗಾಡಿಯ ಸೀಟಿನ ಸಂದಿಯಿಂದ ಒಂದು ಹುರಿಗಡಲೆ ಚೂರು ಹೆಕ್ಕಿ ಬಾಯಿಗೆ ಹಾಕಿಕೊಂಡರು.

ಉರಿಗಾಂ

ಸೆಲ್ವರಾಜಣ್ಣನಿಗೆ ಶೆಡ್ಡಿನಲ್ಲಿ ನಿಂತುಕೊಂಡೇ ಎಲ್ಲ ಹೇಳಿದೆ. ಅವರು ಲೇತಿಗೆ ಎಣ್ಣೆ ಹಾಕುತ್ತಿದ್ದರು, ತಲೆ ಎತ್ತಲಿಲ್ಲ. "ಆ ದಿನಾನೇ ಹೇಳಿದ್ರೆ ಇನ್ನೊಂದು ಮಾಡ್ತಿದ್ವಿ ಮ್ಮಾ. ಅಷ್ಟೇ ತಾನೆ?" ಎಂದರು. ಅಷ್ಟೇ. ಅಷ್ಟಕ್ಕೆ ನಾನು ಭೂಮಿಯ ಆ ಮಗ್ಗುಲಿಗೆ ಹೋಗಬೇಕಾಯಿತು. ಮರುದಿನ ಹೊಸ ಅಲ್ಯೂಮಿನಿಯಂ ತುಂಡು ಕಟ್ಟಿದೆ. ಈಗ ನಮ್ಮ ಚೀಟಿಯಲ್ಲಿ 'ಸರಿ' ಎಂದು ಬರೆಯುವ ಹಾಗಿಲ್ಲ, ಅಳತೆಯನ್ನೇ ಬರೆಯಬೇಕು.

ಮನೆಯಲ್ಲಿ ಅಮ್ಮ ಎಲ್ಲ ಕೇಳಿದಳು. ಕೆನ್ನೆ ತಾಗಿಸಿದ್ದಕ್ಕೆ ನಕ್ಕಳು, ಡಿಶ್ಶಿನ ಮಾತಿಗೆ ಎದೆ ಮುಟ್ಟಿಕೊಂಡಳು.

"ತಪ್ಪು ಮಾಡಿದ್ದು ಬಾಯ್ಬಿಟ್ಟು ಯೋಳ್ದ್ಯಾ?"

"ಯೋಳ್ದೆ ಕಣಮ್ಮ. ಬರ್ದು ಸೈನೂ ಆಕ್ದೆ."

"ಅಂಗಾದ್ರೆ ನೀನು ಮೇಲಕ್ಕೆ ಬಂದೆ ಬುಡು" ಎಂದಳು. ಗಣಿಯ ಮನೆಗಳಲ್ಲಿ ಗಂಡಸರು ಹೊರಗೆ ಬಂದರೆ ಹೆಂಗಸರು ಹೇಳುತ್ತಿದ್ದ ಮಾತು ಅದು. ಎಷ್ಟೋ ವರ್ಷಗಳಿಂದ ನಮ್ಮ ಬೀದಿಯಲ್ಲಿ ಯಾರೂ ಹೇಳಿರಲಿಲ್ಲ.

ನಾನು ಅಪ್ಪನ ಬಿಲ್ಲೆಯನ್ನು ಅವಳ ಕೈಗೆ ಕೊಟ್ಟೆ. ಅಕ್ಕಿ ಡಬ್ಬಿಯ ಕಡೆ ಹೋದವಳು ನಿಂತಳು. ಗೋಡೆಯ ಹತ್ತಿರ ಬಂದು, ಮೊಳೆಯಿಂದ ಕ್ಯಾಲೆಂಡರ್ ತೆಗೆದು ನನ್ನ ಕೈಗಿಟ್ಟಳು. ಹಿಮ್ಮಡಿ ಎತ್ತಿ, ತೋಳು ಚಾಚಿ, ಬಿಲ್ಲೆಯನ್ನು ಆ ಮೊಳೆಗೆ ಹಾಕಿದಳು. ಟಿಣ್ ಎಂದಿತು.

ಅಮ್ಮ ಬೆರಳಿನಿಂದ ಬಿಲ್ಲೆಯನ್ನು ನೇರ ಮಾಡಿದಳು. "ಬಂದ" ಎಂದಳು. ಆಮೇಲೆ ಸೆರಗಿನಿಂದ ಮುಖ ಒರೆಸಿಕೊಂಡು ಮುದ್ದೆಗೆ ಎಸರಿಡಲು ಹೋದಳು. ಕ್ಯಾಲೆಂಡರನ್ನು ಈಗ ಕಿಟಕಿಯ ಸರಳಿಗೆ ಕಟ್ಟಿದ್ದೇವೆ.